ಮುತ್ಯಾನ ಎಂಜಿನ್ನಿಗೆ ಉರಿ ಇಟ್ಟವರು

ನಮ್ಮಪ್ಪ ದಶರಥನಿಗೆ ತಲೆ ಕೆಟ್ಟಿದೆ ಎಂದು ತಿಕೋಟಾದ ನಮ್ಮ ಓಣಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಸುಳ್ಳೇಕೆ, ನಾನೂ ಆಡಿಕೊಂಡವಳೇ. ವಾರವೆಲ್ಲ ಹೊನವಾಡದ ದ್ರಾಕ್ಷಿ ತೋಟದವರು ತಂದು ಹಾಕುವ ಔಷಧಿ ಪಂಪುಗಳ ರಿಪೇರಿ. ರವಿವಾರ ಬಂದರೆ ವಿಜಯಪುರಕ್ಕೆ ಹೋಗಿ ಗಾಂಧಿ ಚೌಕದ ಹಿಂದಿನ ಗುಜರಿ ಅಂಗಡಿಗಳಲ್ಲಿ ಹಿತ್ತಾಳೆ ಚೂರು ಹುಡುಕುವುದು. ಹೀಗೆ ಏಳು ವರ್ಷ. ಯಾಕೆ? ಮೊಳ ಉದ್ದದ ಒಂದು ಉಗಿ ಎಂಜಿನ್ ಮಾಡಲು!

ಅದು ಅಪ್ಪನ ಅಪ್ಪ, ನಮ್ಮ ಮುತ್ಯಾ ಧರ್ಮರಾಜನ ಎಂಜಿನ್ನಿನ ತದ್ರೂಪ. ಮಹಾರಾಷ್ಟ್ರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತುಂಬಿದ ರೈಲು ಡಬ್ಬಿ ಎಳೆಯುವ ಪುಟ್ಟ ಎಂಜಿನ್ನಿಗೆ ಮುತ್ಯಾ ಇಪ್ಪತ್ತೆಂಟು ವರ್ಷ ಕಲ್ಲಿದ್ದಲು ಹಾಕಿದ. ಡ್ರೈವರ್ ರಜೆ ಹೋದ ದಿನವೂ ಅವನಿಗೆ ಹಿಡಿಕೆ ಮುಟ್ಟಗೊಡಲಿಲ್ಲ. ಯಾವ ಕೇರಿಯವನೆಂದು ಎಲ್ಲರಿಗೂ ಗೊತ್ತಿತ್ತಲ್ಲ. ಎಂಜಿನ್ ಗುಜರಿ ಸೇರಿತು, ಮುತ್ಯಾ ಮಣ್ಣು ಸೇರಿದ. ಚಿಕ್ಕವನಿದ್ದಾಗ ಕಂಡ ನೆನಪಿನಿಂದಲೇ ಅಪ್ಪ ಎಲ್ಲವನ್ನೂ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸಿದ. ಬಾಯ್ಲರಿಗೆ ನೀರು ತುಂಬಿ ಸ್ಪಿರಿಟ್ ದೀಪ ಹಚ್ಚಿದರೆ ಸೀಟಿ ಊದಿ ಓಡುತ್ತಿತ್ತು. ಪಕ್ಕದಲ್ಲಿ ‘ಧರ್ಮರಾಜ’ ಎಂದು ಹಿತ್ತಾಳೆ ಅಕ್ಷರ.

“ನಾಕ್ ಮಂದಿ ಮುಂದ ಒಮ್ಮೆ ಓಡಬೇಕು. ನಮ್ಮಪ್ಪನ ಹೆಸರ ಅವ್ರು ಓದಬೇಕು. ಮತ್ತೇನೂ ಬ್ಯಾಡ ನನಗ,” ಎನ್ನುತ್ತಿದ್ದ.

ನಾನು ಬಬಲೇಶ್ವರದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿ. ಹೊಸ ಕಟ್ಟಡದ ಉದ್ಘಾಟನೆಯ ದಿನ ಎಂಜಿನ್ ಓಡಿಸೋಣವೇ ಎಂದು ಕಾರ್ಯದರ್ಶಿ ಶಿವಶರಣಪ್ಪನವರನ್ನು ನಾನೇ ಕೇಳಿದೆ. ಒಪ್ಪಿದರು. ಅಪ್ಪ ಇಸ್ತ್ರಿ ಅಂಗಿ ತೊಟ್ಟು ಬಂದ. ಎದೆಗೆ ಬ್ಯಾಡ್ಜ್ ಇಲ್ಲವೆಂದು ಅವನನ್ನು ಬಾಗಿಲಲ್ಲೇ ನಿಲ್ಲಿಸಿದರು. ಎಂಜಿನ್ ಮಾತ್ರ ಒಳಗೆ ಬಂತು.

ವೇದಿಕೆಯ ಮೇಲೆ ನಾನು ಹೂವಿನ ತಾಟು ಹಿಡಿದು ನಿಂತಿದ್ದೆ. ಮುಖ್ಯ ಅತಿಥಿಗಳಿಗೆ ಅವಸರ. ಶಿವಶರಣಪ್ಪನವರು ಅವರ ಕೈಗೆ ಕಡ್ಡಿಪೆಟ್ಟಿಗೆ ಕೊಟ್ಟರು. ಉದ್ಘಾಟನೆಯ ಸಮೆ ದೀಪ ಹಚ್ಚಿದಷ್ಟೇ ಸಲೀಸು ಅಂದುಕೊಂಡರೋ ಏನೋ! ಎಂಜಿನ್ನಿನ ದೀಪದಲ್ಲಿ ಸ್ಪಿರಿಟ್ ಇತ್ತು, ಬಾಯ್ಲರಿನಲ್ಲಿ ಹನಿ ನೀರಿರಲಿಲ್ಲ. ನೀರಿಲ್ಲದೆ ಉರಿ ಇಟ್ಟರೆ ಬೆಸುಗೆ ಬಿಡುತ್ತದೆಂದು ಅಪ್ಪ ನೂರು ಸಲ ಹೇಳಿದ್ದ.

“ಸರ್, ಮೊದ್ಲ ನೀರ ಹಾಕ್ಬೇಕ್ರಿ. ಅಪ್ಪನ್ನ ಕರೀತೀನ್ರಿ,” ಎಂದೆ.

“ಏ, ಸುಮ್ನ ತಾಟ ಹಿಡ್ಕೊಂಡ ನಿಂದರವಾ. ಫೋಟೋ ತಗ್ಯಾಕತ್ತಾರ,” ಎಂದರು ಶಿವಶರಣಪ್ಪನವರು.

ನಿಂತೆ. ಹೌದು, ಬಾಯಿ ಮುಚ್ಚಿಕೊಂಡು, ಹಲ್ಲು ಕಿರಿದು ನಿಂತೆ. ಜೂನ್‌ನಲ್ಲಿ ನನ್ನ ನೇಮಕಾತಿ ಆದೇಶ ಮುಂದುವರಿಯಬೇಕಿತ್ತಲ್ಲ! ಅತಿಥಿಗಳು ಕಡ್ಡಿ ಗೀರಿ ದೀಪ ಹಚ್ಚಿದರು, ಚಪ್ಪಾಳೆ ಬಿದ್ದವು. ಬೆಸುಗೆ ಕರಗಿತು, ಚಿಮಣಿ ವಾಲಿತು, ಮುತ್ಯಾನ ಹೆಸರಿನ ಅಕ್ಷರಗಳು ಕಳಚಿ ಬಿದ್ದವು. ಬಾಗಿಲಲ್ಲಿ ಅಪ್ಪ “ನೀರ್ರಿ, ನೀರ್ರಿ!” ಎಂದು ಕೂಗುತ್ತಿದ್ದ. ಯಾರೋ ಅವನ ಕೈಗೆ ಕುಡಿಯುವ ನೀರಿನ ಬಾಟಲಿ ಕೊಟ್ಟರು.

“ಲೋಕಲ್ ಮಾಲು ಅಂದ್ರ ಹಿಂಗ ನೋಡ್ರಿ,” ಎಂದು ಶಿವಶರಣಪ್ಪನವರು ಮೈಕಿನಲ್ಲೇ ಅಂದರು. ಸಭೆಗೆ ಸಭೆಯೇ ನಕ್ಕಿತು.

ಮುಂದಿನ ವಾರ ಅವರೇ ನನ್ನನ್ನು ಕರೆದರು. ಗಾಜಿನ ಪೆಟ್ಟಿಗೆಯಲ್ಲಿಡಲು ಅಂಥದೇ ಒಂದು ಬೇಕಂತೆ. ಓಡುವುದು ಬೇಡ, ಒಳಗೆ ಪೊಳ್ಳಿದ್ದರೂ ನಡೆಯುತ್ತದಂತೆ. ಹೆಸರು ಮಾತ್ರ ಸಂಸ್ಥಾಪಕರದು. ಅಪ್ಪ ಆಗಂಗಿಲ್ಲ ಎಂದ.

“ಯಪ್ಪಾ, ನನ್ನ ಸಲುವಾಗಿ ಮಾಡಿಕೊಡೋ,” ಎಂದೆ. ಥೂ ನನ್ನ ಬಾಳಿಗೆ!

ಅಪ್ಪ ಕೈಯಲ್ಲಿದ್ದ ಪಂಪು ಕೆಳಗಿಟ್ಟ. “ಬೆಂಕಿ ಹಚ್ಚುವಾಗ ನೀ ಅಲ್ಲೇ ಇದ್ದಿ, ಹೌದಿಲ್ಲೋ?” ಎಂದ.

ಹದಿನೈದು ದಿನಗಳಲ್ಲಿ ತಗಡಿನದೊಂದು ಮಾಡಿಕೊಟ್ಟ. ಸಂಸ್ಥಾಪಕರ ಹೆಸರನ್ನೂ ತಾನೇ ಕೊರೆದ, ಒಂದಕ್ಷರವೂ ಸೊಟ್ಟಾಗದಂತೆ. ಜೂನ್‌ನಲ್ಲಿ ನನ್ನ ಆದೇಶ ಬಂತು. ಪೇಢೆ ತೆಗೆದುಕೊಂಡು ಅಂಗಡಿಗೆ ಓಡಿದೆ. ಅಪ್ಪ ಪಂಪು ಬಿಚ್ಚುತ್ತಿದ್ದ. ಮುಖ ಎತ್ತಲಿಲ್ಲ.

“ಅಲ್ಲೇ ಇಡ್ರಿ, ಮೇಡಂ,” ಎಂದ.