ಹೇಮಶ್ರೀ ಹೆಣೆದುಕೊಂಡ ಜಟೆ

ತರೀಕೆರೆ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಹೇಮಶ್ರೀಯ ಹೊಲಿಗೆ ಅಂಗಡಿ ಇದೆ. ಬ್ಲೌಸಿಗಿಂತ ಸೀರೆ ಸೆರಗಿಗೆ ಕುಚ್ಚು ಹಾಕುವುದರಲ್ಲಿ ಅವಳ ಹೆಸರು ಹೆಚ್ಚು. ಕ್ರೋಶಾ ಕಡ್ಡಿ ಹಿಡಿದರೆ ಕಣ್ಣು ಬೇರೆಲ್ಲೋ ಇದ್ದರೂ ಬೆರಳು ತಪ್ಪುವುದಿಲ್ಲ. ಕೂದಲಿನ ವಿಷಯದಲ್ಲಿ ಮಾತ್ರ ಅವಳಿಗೆ ಚಿಕ್ಕಂದಿನಿಂದ ನೆಮ್ಮದಿ ಅಂತ ಇರಲಿಲ್ಲ. ಬಾಚಣಿಗೆಯ ಹಲ್ಲು ಮುರಿಯುವಂಥ ಗುಂಗುರು ಅವಳದು. ಚೌಳಹಿರಿಯೂರಿನ ತವರಿನಲ್ಲಿ ಅವಳಮ್ಮ ಶಾಲೆಗೆ ಕಳಿಸುವ ಮೊದಲು ತಲೆಗೆ ಎಣ್ಣೆ ಸುರಿದು, ಮಂಡಿಗಳ ನಡುವೆ ಕೂರಿಸಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ಎಳೆದು ಎರಡು ಜಡೆ ಹಾಕುತ್ತಿದ್ದಳು. ಮದುವೆಯಾಗಿ ತರೀಕೆರೆಗೆ ಬಂದ ಮೇಲೆ ಎಳೆಯುವವರು ಇರಲಿಲ್ಲ, ಸಿಕ್ಕು ಇತ್ತು. ಪಾರ್ಲರಿಗೆ ಹೋಗಿ ನೇರ ಮಾಡಿಸಿದಳು. ಕೆಲವೇ ತಿಂಗಳಿಗೆ ಬುಡದಿಂದ ಹಳೆಯ ಗುಂಗುರೇ ಹುಟ್ಟಿ ಬಂತು.

ಒಂದು ಮಧ್ಯಾಹ್ನ ಕೆಮ್ಮಣ್ಣುಗುಂಡಿಯಿಂದ ಇಳಿದು ಬಂದ ಪ್ರವಾಸಿ ಹುಡುಗಿಯೊಬ್ಬಳು ಬ್ಯಾಗಿನ ಕಿತ್ತ ಪಟ್ಟಿ ಹೊಲಿಸಲು ಅಂಗಡಿಗೆ ಬಂದಳು. ಅವಳ ತಲೆ ತುಂಬ ಹಗ್ಗದಂಥ ಜಟೆ. ಅದನ್ನು ಹೇಮಶ್ರೀ ಸನ್ಯಾಸಿಗಳ ತಲೆಯ ಮೇಲೆ ಮಾತ್ರ ಕಂಡಿದ್ದಳು.

"ಮುಟ್ಟಿ ನೋಡ್ಲಾ?" ಎಂದು ಕೇಳಿದಳು.

ಹುಡುಗಿ ತಲೆ ಬಗ್ಗಿಸಿದಳು. ಎಳೆಗಳು ಗಟ್ಟಿಯಾಗಿ, ಒಣಗಿ, ಚೊಕ್ಕಟವಾಗಿದ್ದವು. ಸೋಪಿನ ವಾಸನೆ ಬರುತ್ತಿತ್ತು.

"ಬಾಚಲ್ವಾ ನೀವು?"

"ಬಾಚೋದೇ ಇಲ್ಲ ಅಕ್ಕ. ಆದ್ರೆ ಬಾಚೋದಕ್ಕಿಂತ ಜಾಸ್ತಿ ಕೆಲಸ ಇದೆ."

ಹೇಮಶ್ರೀಯ ಮನಸ್ಸಿನಲ್ಲಿ ನಿಂತದ್ದು ಮೊದಲ ಮಾತು ಮಾತ್ರ.

ಗಂಡ ಸತೀಶ ತೆಂಗಿನಕಾಯಿ ಸಾಗಿಸುವ ಗೂಡ್ಸ್ ಗಾಡಿ ಓಡಿಸುವವನು, ವಾದಕ್ಕೆ ಇಳಿಯುವವನಲ್ಲ. ತಾನೂ ಜಟೆ ಕಟ್ಟಿಕೊಳ್ಳುತ್ತೇನೆ ಎಂದು ಅವಳು ಹೇಳಿದಾಗ, "ನಿನ್ ತಲೆ, ನಿನ್ನಿಷ್ಟ" ಅಂದ. ಅತ್ತೆ ಜಯಲಕ್ಷ್ಮಮ್ಮನಿಗೆ ಹೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಹೇಮಶ್ರೀ ಫೋನಿನಲ್ಲಿ ಸಿಕ್ಕ ವಿಡಿಯೋ ನೋಡಿಕೊಂಡು, ಕೂದಲನ್ನು ಉಲ್ಟಾ ಬಾಚಿ, ಹೊಸೆದು, ಎಳೆ ನಿಲ್ಲಲೆಂದು ಡಬ್ಬಿಯ ಮೇಣ ಮೆತ್ತಿದಳು. ಶುರುವಿನಲ್ಲಿ ನೀರು ಸೋಕಿಸಲೇಬಾರದು ಎಂದು ವಿಡಿಯೋದವನು ಹೇಳಿದ್ದ. ಅದನ್ನೂ ಪಾಲಿಸಿದಳು.

ಸೊಸೆಯ ತಲೆ ಕಂಡ ದಿನ ಜಯಲಕ್ಷ್ಮಮ್ಮ ಊಟ ಬಿಟ್ಟು ಎದ್ದರು. "ಮುತ್ತೈದೆ ತಲೆ ಹಿಂಗಿಟ್ಕೊಂತಾರೇನೇ? ಬಿಚ್ಚು ಅದನ್ನ" ಅಂದರು. ಹೇಮಶ್ರೀ ಬಿಚ್ಚಲಿಲ್ಲ. ಆದರೆ ಮೇಣಕ್ಕೆ ಅಂಗಡಿಯ ದಾರದ ತುಣುಕು, ಬಟ್ಟೆಯ ಜುಂಗು ಎಲ್ಲ ಬಂದು ಅಂಟತೊಡಗಿತು. ಕೆಂಪು ರೇಷ್ಮೆಗೆ ಕುಚ್ಚು ಕಟ್ಟಿದ ದಿನ ತಲೆಯಲ್ಲಿ ಕೆಂಪು, ಹಸಿರಿಗೆ ಕಟ್ಟಿದ ದಿನ ಹಸಿರು. ಮಳೆಗಾಲ ಹಿಡಿಯಿತು. ಅಂಗಡಿಗೂ ಮನೆಗೂ ಓಡಾಡುವಾಗ ನೆನೆದ ತಲೆ ಒಣಗಲೇ ಇಲ್ಲ.

"ಒಳಗೆಲ್ಲೋ ಗೋಣಿಚೀಲ ನೆಂದಂಗೆ ವಾಸ್ನೆ ಬತ್ತಾ ಐತೆ" ಎಂದು ಜಯಲಕ್ಷ್ಮಮ್ಮ ಮೂರ್ನಾಲ್ಕು ದಿನ ಅಡುಗೆಮನೆಯ ಮೂಲೆಯನ್ನೆಲ್ಲ ಹುಡುಕಿದರು. ವಾಸನೆ ತನ್ನ ತಲೆಯದೇ ಎಂದು ಹೇಮಶ್ರೀಗೆ ಗೊತ್ತಿತ್ತು. ಕಡೆಗೆ ಕಿವಿಯ ಹಿಂದಿನ ಒಂದು ಎಳೆಯನ್ನು ಸೂಜಿಯಿಂದ ಸೀಳಿ ನೋಡಿದಳು. ಒಳಗೆ ಬೂದು ಬಣ್ಣದ ಬೂಷ್ಟು ಹಿಡಿದಿತ್ತು. ಇದನ್ನು ತೊಳೆದು ಉಳಿಸುವ ಹಾಗಿರಲಿಲ್ಲ.

ಕತ್ತರಿಸಿಬಿಡುತ್ತೇನೆ ಅಂದಾಗ ಅತ್ತೆಗೆ ಸಮಾಧಾನವಾದೀತು ಎಂದುಕೊಂಡಿದ್ದಳು. ಜಯಲಕ್ಷ್ಮಮ್ಮನ ಮುಖ ಬಿಳಚಿಕೊಂಡಿತು.

"ಬಿಚ್ಚು ಅಂದೆ ಕಣೇ, ಕತ್ರಿಸು ಅಂದ್ನಾ? ಜಡೆ ಕಟ್ಟಿದ್ಮೇಲೆ ಅದು ದೇವಿದು, ಅಮ್ಮನ್ದು. ಕತ್ರಿ ಹಾಕಿದ್ರೆ ಮನೆಗಾಗಲ್ಲ."

"ಬೂಷ್ಟು ಬಂದಿದೆ ಅತ್ತೆ."

"ಬರ್ಲಿ."

ಪಾರ್ಲರಿನ ಯಶೋದಾ ಹೇಮಶ್ರೀಗಿಂತ ಚಿಕ್ಕವಳು, ಬೆಂಗಳೂರಿನಲ್ಲಿ ಕೋರ್ಸ್ ಮುಗಿಸಿ ಬಂದವಳು. ಅವಳಾದರೂ ಕತ್ತರಿಸಿಯಾಳು ಎಂದು ಹೇಮಶ್ರೀ ಅಲ್ಲಿಗೆ ಹೋದಳು. ಯಶೋದಾ ಅವಳ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿ, ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟಳು.

"ಅಕ್ಕ, ನಂಗೂ ಮಕ್ಕಳಿದಾವೆ. ಬೇರೆ ಏನಾದ್ರೂ ಹೇಳಿ, ಮಾಡ್ಕೊಡ್ತೀನಿ."

"ಇದನ್ನ ನಾನೇ ಮೇಣ ಹಚ್ಚಿ ಕಟ್ಟಿದ್ದು ಯಶೋದಾ."

"ಆದ್ರೂ ಬೇಡಕ್ಕ."

ಬಿಚ್ಚು ಬಿಚ್ಚು ಎಂದು ತಿಂಗಳುಗಟ್ಟಲೆ ಪ್ರಾಣ ತಿಂದ ಊರಿನಲ್ಲಿ ಕತ್ತರಿಸಲು ಒಂದು ಕೈ ಸಿಗಲಿಲ್ಲ. ಹೇಮಶ್ರೀ ಅಂಗಡಿಗೆ ಬಂದು ಬಾಗಿಲು ಅರ್ಧ ಎಳೆದುಕೊಂಡು, ಬಟ್ಟೆ ಕತ್ತರಿಸುವ ಕತ್ತರಿಯಿಂದಲೇ ಒಂದೊಂದಾಗಿ ಕತ್ತರಿಸಿ ಹಾಕಿದಳು. ಸಿಟ್ಟಿಗೆ ಅಳು ಬಂತು. ಆ ಮೇಲೆ ಬಹಳ ದಿನ ಜಯಲಕ್ಷ್ಮಮ್ಮ ಅವಳನ್ನು ಮಾತಾಡಿಸಲಿಲ್ಲ. ಪಕ್ಕದಲ್ಲೇ ನಿಂತಿದ್ದರೂ ಮಗನ ಕಡೆ ತಿರುಗಿ, "ನಿನ್ ಹೆಂಡ್ತಿಗೆ ಹೇಳು, ಸಾರು ಬಿಸಿ ಮಾಡ್ಬೇಕಂತೆ" ಅನ್ನುತ್ತಿದ್ದರು.

ಇಷ್ಟಾದ ಮೇಲೆ ಇನ್ನೊಬ್ಬಳಾಗಿದ್ದರೆ ಬಿಟ್ಟುಬಿಡುತ್ತಿದ್ದಳು. ಹೇಮಶ್ರೀಗೆ ತಪ್ಪಾಗಿ ಹೊಲಿದ ಬಟ್ಟೆಯನ್ನು ಹಾಗೇ ಬಿಟ್ಟು ಅಭ್ಯಾಸವಿಲ್ಲ. ಕೂದಲು ಬೆರಳುದ್ದ ಬೆಳೆದ ಮೇಲೆ ಮತ್ತೆ ಶುರುಮಾಡಿದಳು. ಈ ಸಲ ಮೇಣವಿಲ್ಲ, ಎಣ್ಣೆಯೂ ಇಲ್ಲ. ನೆತ್ತಿಯನ್ನು ಚೌಕಚೌಕವಾಗಿ ಪಾಲು ಮಾಡಿ, ಒಂದೊಂದು ಪಾಲನ್ನೂ ಹೊಸೆದು, ಹೊರಗೆ ನಿಂತ ಕೂದಲನ್ನು ಕುಚ್ಚಿನ ಸಣ್ಣ ಕಡ್ಡಿಯಿಂದ ಒಳಕ್ಕೆ ಎಳೆದಳು. ಬಿಗಿಯಾಗಿ ತಿರುಚಿದ ಕಡೆ ಹಣೆಯ ಅಂಚಿನ ಕೂದಲು ಬುಡದಿಂದಲೇ ಕಿತ್ತು ಬರತೊಡಗಿದಾಗ, ಅಲ್ಲಿ ಕೈ ಹಾಕುವುದನ್ನು ನಿಲ್ಲಿಸಿದಳು.

ವಾರಕ್ಕೊಮ್ಮೆ ತೊಳೆಯುವುದು ಅಂತ ಗೊತ್ತುಮಾಡಿಕೊಂಡಳು. ಸೀಗೆಪುಡಿ ಹಾಕಿ ತೊಳೆದರೆ ಪುಡಿ ಎಳೆಯ ಒಳಗೇ ಕೂತು, ಒಣಗಿದ ಮೇಲೆ ಗಿರಾಕಿಗಳ ಬ್ಲೌಸಿನ ಮೇಲೆ ಉದುರುತ್ತಿತ್ತು. ಆಮೇಲೆ ಅಂಟುವಾಳಕಾಯಿ ನೆನೆಹಾಕಿ, ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿದ ನೀರಿನಿಂದ ತೊಳೆದಳು. ಅದು ಹಿಡಿಸಿತು. ತೊಳೆಯುವುದು ಬಿಸಿಲು ಬಂದ ಬೆಳಿಗ್ಗೆ ಮಾತ್ರ. ಟವೆಲಿನಲ್ಲಿ ಒಂದೊಂದೇ ಎಳೆಯನ್ನು ಹಿಂಡಿ, ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಸಾಲದಿದ್ದರೆ ಫ್ಯಾನಿನ ಮುಂದೆ ಕೂತು, ಒಳಗಿನವರೆಗೆ ಒಣಗಿಸಬೇಕು. ಮಿಷನ್ ಮುಂದೆ ಕೂರುವಾಗ ಹತ್ತಿ ಬಟ್ಟೆ ಸುತ್ತಿಕೊಳ್ಳಬೇಕು. ಇದೆಲ್ಲ ಮಾಡಿದರೂ ಮೊದಲ ಎಷ್ಟೋ ತಿಂಗಳು ತಲೆ ಹಳೇ ಪೊರಕೆಯಂತೆ ಕಾಣುತ್ತಿತ್ತು. ಕನ್ನಡಿ ನೋಡಿದಾಗಲೆಲ್ಲ ಕೆರಳಿ, ಕಡ್ಡಿ ಎಸೆದು, ಮರುದಿನ ಹುಡುಕಿ ತೆಗೆಯುತ್ತಿದ್ದಳು. ಎರಡನೇ ಬೇಸಿಗೆಯ ಹೊತ್ತಿಗೆ ಎಳೆಗಳು ಗಟ್ಟಿಯಾಗಿ ಭುಜ ಮುಟ್ಟಿದವು. ವಾಸನೆಯಿಲ್ಲ, ನವೆಯಿಲ್ಲ.

ಕೂದಲು ಸರಿಹೋಯಿತು. ಜನ ಸರಿಹೋಗಲಿಲ್ಲ.

ಒಬ್ಬಾಕೆ ಹೊಲಿಯಲು ಕೊಟ್ಟ ಬ್ಲೌಸ್ ಪೀಸನ್ನು ಹೊಲಿಸದೆಯೇ ವಾಪಸ್ ಒಯ್ದಳು. ಇಬ್ಬರು ಕಾಲೇಜು ಹುಡುಗರು ಬಾಗಿಲಲ್ಲಿ ನಿಂತು, "ಅಕ್ಕ, ಸಾಮಾನು ಎಲ್ಲಿ ಸಿಗುತ್ತೆ?" ಎಂದು ಪಿಸುಗುಟ್ಟಿದರು. ಹೊಲಿಗೆ ಸಾಮಾನಿನ ಅಂಗಡಿಗೆ ದಾರಿ ತೋರಿಸಿ ಕಳಿಸಿದ ಮೇಲೆ ಅವರು ಕೇಳಿದ್ದು ಗಾಂಜಾ ಎಂದು ಹೊಳೆಯಿತು. ಇದಕ್ಕಿಂತ ತಲೆ ಕೆಡಿಸಿದವರು ಭಕ್ತರು. ಹಳ್ಳಿಯ ಹೆಂಗಸೊಬ್ಬಳು ಮಿಷನ್ ಮೇಲೆ ತೆಂಗಿನಕಾಯಿ, ಎಲೆ ಅಡಿಕೆ ಇಟ್ಟು ಕೈಮುಗಿದು, ಮಗಳಿಗೆ ಸಂಬಂಧ ಯಾವಾಗ ಕೂಡಿಬರುತ್ತದೆ ಎಂದು ಕೇಳಿದಳು.

"ನಾನು ಟೈಲರ್ ಕಣ್ರೀ."

"ಗೊತ್ತು ತಾಯಿ. ದುಡ್ಕೊಂಡು ತಿನ್ನೋರ ಮೇಲೇನೇ ಅಮ್ಮ ಬರೋದು."

"ಯಾರೂ ಬಂದಿಲ್ಲ. ಇದು ನಾನೇ ಹೆಣೆದಿದ್ದು."

"ಆಗ್ಲಿ ತಾಯಿ" ಎಂದು ಹೆಂಗಸು ಹೊರಟಳು. ದುರದೃಷ್ಟಕ್ಕೆ ಅದೇ ತಿಂಗಳು ಅವಳ ಮಗಳಿಗೆ ಸಂಬಂಧ ಗಟ್ಟಿಯಾಯಿತು. ಮುಂದಿನ ಸಲ ಅವಳು ಇನ್ನೂ ಮೂವರನ್ನು ಕರೆದುಕೊಂಡು ಬಂದಳು.

ಸತೀಶನ ಅಕ್ಕನ ಮಗಳು ಗಗನಾಳ ಮದುವೆ ಅಜ್ಜಂಪುರದಲ್ಲಿತ್ತು. ಜಯಲಕ್ಷ್ಮಮ್ಮನ ಮಾತಿನಂತೆ ಹೇಮಶ್ರೀ ಎಳೆಗಳನ್ನೆಲ್ಲ ಸೇರಿಸಿ ಹಿಂದಕ್ಕೆ ಗಂಟು ಹಾಕಿ, ಮೇಲೆ ಸೆರಗು ಹೊದ್ದುಕೊಂಡಳು. ಧಾರೆ ಮುಗಿಯುವವರೆಗೆ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಸೆಕೆಗೆ ಸೆರಗು ಜಾರಿತು. ಸತೀಶನ ದೊಡ್ಡಪ್ಪ ಷಣ್ಮುಖಪ್ಪ, ಮನೆತನಕ್ಕೆಲ್ಲ ಹಿರಿಯರು, ನೋಡುನೋಡುತ್ತಿದ್ದಂತೆ ಬಂದು ಅವಳ ಕಾಲಿಗೆ ಹಣೆ ಹಚ್ಚಿದರು.

ಹೇಮಶ್ರೀ ಹಿಂದಕ್ಕೆ ಜಿಗಿದಳು. "ಏಳಿ ದೊಡ್ಡಮಾವ. ನಾನು ನಿಮ್ಮ ಸೊಸೆ."

"ಸೊಸೆಗಲ್ಲ ಕಣಮ್ಮ, ಆ ಜಡೆಗೆ."

"ಇದು ಕ್ರೋಶಾ ಕಡ್ಡಿಲಿ ಹೆಣೆದಿದ್ದು. ಬೇಕಾದ್ರೆ ಕಡ್ಡಿ ತಂದು ತೋರಿಸ್ತೀನಿ."

"ಅಮ್ಮನೇ ಹಂಗೆ ಹೇಳಿಸ್ತಾಳೆ" ಎಂದು ಷಣ್ಮುಖಪ್ಪ ಎದ್ದು ಕಣ್ಣೊರೆಸಿಕೊಂಡರು.

ಏನು ಹೇಳಿದರೂ ಅದನ್ನೂ ಅಮ್ಮನ ಲೆಕ್ಕಕ್ಕೇ ಸೇರಿಸುತ್ತಾರೆ. ಅಷ್ಟರಲ್ಲಿ ಅವರ ಹಿಂದೆ ನಾಲ್ಕೈದು ಹೆಂಗಸರು ಸಾಲು ನಿಂತಿದ್ದರು. ವೇದಿಕೆಯ ಮೇಲೆ ಗಗನಾ ಮುಖ ಊದಿಸಿಕೊಂಡು ಇತ್ತಲೇ ನೋಡುತ್ತಿದ್ದಳು, ಅವಳ ಫೋಟೋಕ್ಕೆ ನಿಲ್ಲಬೇಕಾದವರೆಲ್ಲ ಇಲ್ಲಿದ್ದರು. ಸಾಂಬಾರಿನ ಬಕೆಟ್ ಹಿಡಿದು ಬಡಿಸುತ್ತಿದ್ದ ಸತೀಶ ದೂರದಿಂದ ಕಂಡು, "ಊಟಕ್ಕೆ ಬನ್ನಿ, ಎಲೆ ಹಾಕಿದೆ, ಇದೇ ಕೊನೇ ಪಂಕ್ತಿ" ಎಂದು ಕೂಗಿದ. ಸಾಲು ಕರಗಿತು. ಹೇಮಶ್ರೀ ಉಣ್ಣದೆ ಮಂಟಪದ ಹಿಂದಿನ ನಲ್ಲಿಯ ಹತ್ತಿರ ಹೋಗಿ, ಉಳಿದವರು ಹೊರಡುವವರೆಗೆ ಅಲ್ಲೇ ನಿಂತಳು. ಅವಳ ಪುಣ್ಯಕ್ಕೆ ಯಾರೂ ಹಿಂಬಾಲಿಸಲಿಲ್ಲ.

ತರೀಕೆರೆಗೆ ಮರಳುವ ಬಸ್ಸಿನಲ್ಲಿ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತಿದ್ದರು. ಜಯಲಕ್ಷ್ಮಮ್ಮ ಕಿಟಕಿಯ ಕಡೆ ನೋಡುತ್ತಲೇ ಕೇಳಿದರು.

"ನಮ್ ಭಾವನೇ ನಿನ್ ಕಾಲಿಗೆ ಬಿದ್ರು. ನಾನೀಗ ಏನ್ ಮಾಡ್ಲಿ? ನಾನೂ ಬೀಳ್ಲಾ?"

ಅತ್ತೆ ಕುಟುಕುತ್ತಿದ್ದಾರೋ ನಿಜವಾಗಿ ಕೇಳುತ್ತಿದ್ದಾರೋ ಹೇಮಶ್ರೀಗೆ ತಿಳಿಯಲಿಲ್ಲ. ಸಾಕಾಗಿ ಹೋಗಿತ್ತು. "ಬೀಳೋದೇನೂ ಬೇಡ ಅತ್ತೆ. ಹಿಂದ್ಗಡೆ ನಂಗೆ ಕಾಣಲ್ಲ, ಬುಡದಲ್ಲಿ ಒಂದಕ್ಕೊಂದು ಅಂಟ್ಕೊಂಡು ಹೋಗ್ತಾವೆ. ತಲೆ ತೊಳೆದ ದಿನ ಬಿಡಿಸ್ಕೊಡಿ, ಅಷ್ಟು ಸಾಕು."

ಆ ಭಾನುವಾರ ಹೇಮಶ್ರೀ ತಲೆ ತೊಳೆದು ಜಗಲಿಯ ಬಿಸಿಲಲ್ಲಿ ಕೂತಾಗ ಜಯಲಕ್ಷ್ಮಮ್ಮ ಮಣೆ ತಂದು ಹಿಂದೆ ಹಾಕಿಕೊಂಡರು. ಒಂದು ಎಳೆಯನ್ನು ಎತ್ತಿ ಮೂಸಿದರು. ಆಮೇಲೆ ಬಿಡಿಸತೊಡಗಿದರು. ಕುತ್ತಿಗೆಯ ಹತ್ತಿರ ಬಂದಾಗ ಕೈ ನಿಂತಿತು.

"ಇಲ್ಲಿ ಎರಡು ಒಂದಾಗ್ಬಿಟ್ಟಿದಾವೆ ಕಣೇ. ಸೀಳ್ಬೇಕೇನು?"

"ಸೀಳಿ."

"ಪಾಪ ಬಂದ್ರೆ ನಿಂಗೇ."

"ನಂಗೇ ಬರ್ಲಿ, ಸೀಳಿ ಅತ್ತೆ."

ಜಯಲಕ್ಷ್ಮಮ್ಮ ಕನ್ನಡಕ ಸರಿಮಾಡಿಕೊಂಡು, ಎರಡೂ ಕೈಯಲ್ಲಿ ಹಿಡಿದು ಎಳೆದರು.