ಎರಡೂ ಎಡಗಡೆಯ ಆಕ್ಸಲ್

ಆ ಶನಿವಾರ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಒಂದು ಬ್ಲೌಸ್ ಪೀಸು ಇತ್ತು, ಅದರ ಪಕ್ಕದಲ್ಲಿ ಹಳೆಯ ಬನಿಯನ್ನಿನಲ್ಲಿ ಸುತ್ತಿದ, ನಮ್ಮ ಜೀಪಿನ ಒಂದು ಹಲ್ಲಿನ ಗೇರು ಇತ್ತು. ಪೀಸಿಗೆ ಲೈನಿಂಗ್ ಬಟ್ಟೆ ಮ್ಯಾಚ್ ಆಗಬೇಕು, ಗೇರಿಗೆ ಆಕ್ಸಲ್ ಮ್ಯಾಚ್ ಆಗಬೇಕು. ಎರಡೂ ಕೆಲಸ ಶಿವಾಜಿನಗರದಲ್ಲಿ ಒಂದೇ ಸುತ್ತಿಗೆ ಮುಗಿಯುತ್ತವೆ. ಬ್ಲೌಸ್ ಪೀಸು ಯಾವ ಬಣ್ಣ ಎಂದು ಕೇಳಬೇಡಿ. ಈ ವಾಕ್ಯಗಳನ್ನು ಮೊದಲ ಸಲ ಬರೆದಾಗ ಮಾವಿನ ಚಿಗುರಿನ ಬಣ್ಣ ಎಂದು ಬರೆದಿದ್ದೆ. ವಾಕ್ಯಕ್ಕೆ ಒಂದು ಬಣ್ಣ ಬೇಕಿತ್ತು, ಅಷ್ಟೇ. ಹೊಡೆದುಹಾಕಿದೆ. ಗೇರು ಮಾತ್ರ ನಿಜ, ಅದರ ಎಣ್ಣೆಯ ಕಲೆ ಆ ಬ್ಯಾಗಿನಲ್ಲಿ ಇನ್ನೂ ಇದೆ.

ತೊಂಬತ್ತರ ದಶಕ ಮುಗಿಯುತ್ತಿತ್ತು ಅಥವಾ ಮುಗಿದಿತ್ತು. ನಾನೂ ನನ್ನ ಗಂಡನೂ ಜೋಗುಪಾಳ್ಯದ ಒಂದು ಗಲ್ಲಿಯಲ್ಲಿ ಮಹಡಿಯ ಮೇಲೆ ಬಾಡಿಗೆಗೆ ಇದ್ದೆವು. ಮದುವೆಗೆ ಮುಂಚೆ ಕಾಲೇಜಿನ ಗೆಳೆಯರಾಗಿದ್ದವರು, ಆದ್ದರಿಂದ ಮದುವೆಯಾದ ಮೇಲೂ ಅವನು ನನ್ನನ್ನು ‘ಗುರು’ ಎಂದೇ ಕರೆಯುತ್ತಿದ್ದ. ನಮ್ಮಿಬ್ಬರದೂ ಎಂದು ಹೇಳಿಕೊಳ್ಳಬಹುದಾದ ಆಸ್ತಿ ಒಂದೇ: ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಜೀಪು. ಭಾನುವಾರ ಬಂದರೆ ಕೆ.ಆರ್. ಪುರದ ಆಚೆಗಿನ ಪಾಳು ಕಲ್ಲುಕ್ವಾರಿಗೆ ಹೋಗಿ, ನಮ್ಮಂತೆಯೇ ತಲೆಕೆಟ್ಟ ನಾಲ್ಕಾರು ಜೀಪಿನವರ ಜೊತೆ ಕೆಸರು, ಬಂಡೆ, ಏರು ಎಂದು ಕುಣಿದಾಡಿ ಬರುವುದು. ಓಡಿಸುವವಳು ನಾನು. ರಿಪೇರಿ ಮಾಡುವವನು ಅವನು. ಈ ಹಂಚಿಕೆಯ ಬಗ್ಗೆ ಮಾತ್ರ ನಮ್ಮಿಬ್ಬರ ನೆನಪಿನಲ್ಲೂ ಜಗಳವಿಲ್ಲ.

ಕ್ವಾರಿಯಲ್ಲಿ ಒಂದು ಕೆಂಪು ಏರು ಇತ್ತು. ಅದನ್ನು ಹತ್ತಲು ಹೋದಾಗೆಲ್ಲ ನಮ್ಮ ಜೀಪಿನ ಹಿಂದಿನ ಎಡಗಡೆಯ ಆಕ್ಸಲ್ ಮುರಿಯುತ್ತಿತ್ತು. ಆಕ್ಸಲ್ ಎಂದರೆ ಹೊಟ್ಟೆಯಡಿಯ ಗೇರಿನ ಗುಂಡಿನಿಂದ ಚಕ್ರದವರೆಗೆ ಹೋಗುವ ಕಬ್ಬಿಣದ ಸರಳು, ಎಂಜಿನ್ನಿನ ಬಲವನ್ನೆಲ್ಲ ತಿರುಚಿ ತಿರುಚಿ ಚಕ್ರಕ್ಕೆ ಮುಟ್ಟಿಸುವಂಥದ್ದು. ಮುರಿದದ್ದನ್ನು ಹೊರಗೆಳೆದರೆ ತುದಿಯ ಹಲ್ಲುಗಳು ಚಕ್ಕುಲಿಯ ಹಾಗೆ ಸುತ್ತಿಕೊಂಡಿರುತ್ತಿದ್ದವು. ಪ್ರತಿಸಲವೂ ಯಾವುದಾದರೂ ಟೆಂಪೋದ ಹಿಂದೆ ಹಗ್ಗ ಕಟ್ಟಿಸಿಕೊಂಡು ಮನೆಗೆ ಬರುವುದು, ಗಲ್ಲಿಯ ಬಾಯಿಗೇ ಅಡ್ಡಲಾಗಿ ನಿಂತುಬಿಡುವುದು, ನೀರಿನ ಟ್ಯಾಂಕರ್ ಒಳಗೆ ಬರಲಾಗದೆ ಹಾರನ್ ಹೊಡೆಯುವುದು.

ಕೆಳಗಿನ ಮನೆಯಲ್ಲಿದ್ದ ಓನರ್ ಆಂಟಿ ಕೊನೆಗೆ ತೀರ್ಪು ಕೊಟ್ಟರು. "ಇನ್ನೊಂದ್ ಸಲ ಈ ಗಾಡಿ ಹಗ್ಗ ಕಟ್ಟಿಸ್ಕೊಂಡು ನಮ್ ಗಲ್ಲಿಗೆ ಬರ್ಲಿ, ಅದೇ ಹಗ್ಗದಲ್ಲಿ ಎಳ್ಸಿ ಗುಜರಿಗೆ ಹಾಕಿಸ್ತೀನಿ. ಗಾಡಿ ಬೇಕಂದ್ರೆ ಗಾಡಿ ಜೊತೆ ನೀವೂ ಹೊರಡ್ರಿ. ಆಯ್ತಾಮ್ಮಾ?"

ಬೇರೆ ಕಡೆ ನಿಲ್ಲಿಸಲು ಜಾಗವಿರಲಿಲ್ಲ. ಮುಂದಿನ ಭಾನುವಾರ ಕ್ವಾರಿಗೆ ಹೋಗದಿರುವ ಬುದ್ಧಿಯೂ ಇರಲಿಲ್ಲ. ಹಾಗಾಗಿ ಇದ್ದದ್ದಕ್ಕಿಂತ ಗಟ್ಟಿ ಆಕ್ಸಲ್ ಹಾಕಿಸಲೇಬೇಕು, ಹಾಕಿಸಿದರೆ ಹಿಂದಿನ ಎರಡನ್ನೂ ಹಾಕಿಸಬೇಕು ಎಂದು ತೀರ್ಮಾನಿಸಿದೆವು.

ಹೊರಟು ನಿಂತಾಗ ಆಂಟಿ ಚೀಲ ಹಿಡಿದು ಬಂದರು. "ಎಲ್ಲಿಗೆ, ಶಿವಾಜಿನಗರಕ್ಕಾ? ನಂಗೂ ಮೀನ್ ತರ್ಬೇಕು. ಆಟೋ ಹತ್ಸ್ಕೊಳಿ."

ಗುಜರಿಯ ಅಂಗಡಿ ಎಂದರೆ ಒಂದು ಕತ್ತಲೆಯ ಓಣಿ. ಎರಡೂ ಕಡೆ ಕಬ್ಬಿಣ, ನಡುವೆ ಸ್ಟೂಲಿನ ಮೇಲೆ ಚಹಾ ಕುಡಿಯುತ್ತ ಅಂಗಡಿಯ ಭಾಯ್. ಮಧ್ಯಾಹ್ನ ಅಂಗಡಿ ಮುಚ್ಚಿ ಊರಿಗೆ ಮದುವೆಗೆ ಹೊರಡುವವರಿದ್ದರು. ನಾನು ಬನಿಯನ್ ಬಿಚ್ಚಿ ಗೇರು ತೆಗೆದೆ. ಅವರು ಎರಡು ಜೋಡಿ ತಂದಿಟ್ಟರು. ಒಂದು ಹೊಚ್ಚ ಹೊಸದು, ಗರುಡಾಚಾರ್‌ಪಾಳ್ಯದ ಲೇತ್ ಶಾಪಿನಲ್ಲಿ ಕಡೆದದ್ದು, ಮುಖ ನೋಡಿಕೊಳ್ಳುವಷ್ಟು ಹೊಳಪು. ಇನ್ನೊಂದು ಯಾವುದೋ ದೊಡ್ಡ ಗಾಡಿಯಿಂದ ಬಿಚ್ಚಿದ್ದು, ತುಕ್ಕು ಬಣ್ಣದ್ದು, ನಡುಭಾಗ ಬೆರಳಿನಷ್ಟು ಹೆಚ್ಚು ದಪ್ಪ. ಎರಡರ ತುದಿಯ ಹಲ್ಲುಗಳೂ ನಮ್ಮ ಗೇರಿನೊಳಗೆ ಸಲೀಸಾಗಿ ಕೂತವು.

"ಹೊಸದೇ ತಗೊಳೋಣ ಗುರು. ನೋಡು, ಹೆಂಗೆ ಮಿಂಚ್ತಿದೆ," ಎಂದ ಗಂಡ.

"ನೀನೇನು ಅದನ್ನ ಶೋಕೇಸಲ್ಲಿ ಇಡ್ತೀಯಾ? ಗಟ್ಟಿ ಅಂತ ಅಂದ್ಕೊಂಡು ಚಿಕ್ಕಿ ಥರ ಟಪ್ ಅಂದ್ರೆ? ನಂಗೆ ತಿರುಚಿದ್ರೂ ಮುರೀದೆ ಇರೋದು ಬೇಕು."

"ಬೀಬಿ ಸರೀಗ್ ಹೇಳ್ತಿದಾರೆ, ಹಳೇದೇ ಹಾಕ್ಕೊಳಿ," ಎಂದರು ಭಾಯ್, ನನ್ನನ್ನು ಹೊಗಳಲೋ ಮದುವೆಗೆ ಬೇಗ ಹೊರಡಲೋ.

ಮೀನಿನ ಚೀಲ ಹಿಡಿದು ಅಲ್ಲಿಗೆ ಬಂದ ಆಂಟಿ, ಹಿತ್ತಾಳೆ ಬಿಂದಿಗೆ ಕೊಳ್ಳುವಾಗ ಮಾಡುವಂತೆ, ಬೀಗದ ಕೈಯಿಂದ ಹಳೆಯದಕ್ಕೆ ಬಡಿದರು. ಣಂ ಎಂದಿತು. ತೃಪ್ತಿಯಾಗಿ ತಲೆಯಾಡಿಸಿದರು. ಆಮೇಲೆ ಜೋಡಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ಅವರ ಮುಖ ಬದಲಾಯಿತು.

"ಏನ್ ಭಾಯ್ ಇದು? ಒಂದು ಉದ್ದ, ಒಂದು ಗಿಡ್ಡ! ಪಾಪ ಹುಡುಗ್ರು ಅಂತ ಏಮಾರಿಸ್ತೀರಾ?"

"ನಕ್ಕೋ ಮಾ, ಅದು ಐಸಾಚ್ ರೆಹತಾ. ಹಂಗೇ ಇರೋದು."

"ಬಳೆ ಜೋಡಿಲಿ ಒಂದ್ ದೊಡ್ಡದು ಒಂದ್ ಚಿಕ್ಕದು ಕೊಡ್ತಾರಾ? ಜೋಡಿ ಅಂದ್ಮೇಲೆ ಒಂದೇ ಥರ ಇರ್ಬೇಕು. ಹೇಳ್ರೀ ನೀವಾದ್ರೂ!"

ನಾವು ಹೇಳಿದೆವು. ಹೌದು, ಒಂದೇ ಥರ ಇರಬೇಕು ಎಂದೆವು. ಯಾಕೆಂದರೆ ನಮ್ಮದು ಯಾವತ್ತೂ ಎಡಗಡೆಯದೇ ಮುರಿದದ್ದು, ಬಲಗಡೆಯದನ್ನು ನಾವು ಬಿಚ್ಚಿ ನೋಡಿಯೇ ಇರಲಿಲ್ಲ. ಗಂಡನಂತೂ ಮನೆಯಲ್ಲಿದ್ದ ಮುರಿದ ಆಕ್ಸಲಿನ ಉದ್ದವನ್ನು ಗಾಳಿಯಲ್ಲೇ ಗೇಣಿನಲ್ಲಿ ಅಳೆದು, "ಉದ್ದದ್ದೇ ಸರಿ ಭಾಯ್, ನಮ್ದು ಇಷ್ಟೇ ಇತ್ತು," ಎಂದು ಸಾಕ್ಷಿ ಬೇರೆ ನುಡಿದ. ಭಾಯ್ ಆಕಾಶ ನೋಡಿದರು, ಗಡಿಯಾರ ನೋಡಿದರು, ಒಳಗೆ ಹೋಗಿ ಉದ್ದದ್ದನ್ನೇ ಇನ್ನೊಂದು ತಂದು ಕೊಟ್ಟರು. ಗೋಡೆಗೆ ಒರಗಿಸಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆಂಟಿ ಚಪ್ಪಾಳೆ ತಟ್ಟಿದರು. ಆಟೋದಲ್ಲಿ ಮೂವರ ತೊಡೆಗಳ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು, ಹಲಸೂರು ಕೆರೆಯ ಗಾಳಿಗೆ ಮೀನಿನ ವಾಸನೆ ಸೇರಿಸುತ್ತ ಮನೆಗೆ ಬಂದೆವು. ಲೈನಿಂಗ್ ಬಟ್ಟೆ ಮರೆತೇಹೋಗಿತ್ತು.

ಎಡಗಡೆಯದು ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಗಿ ಕೂತಿತು. ಬಲಗಡೆಯ ನಮ್ಮ ಹಳೆಯದನ್ನು ಅವಸರದಲ್ಲಿ ಎಳೆದು, ಅಳೆಯದೆ ಬದಿಗೆಸೆದು, ಇನ್ನೊಂದನ್ನು ತುರುಕಿದೆವು. ಅದು ಒಳಗೆ ಹೋಯಿತು, ಹೋಯಿತು, ನಿಂತಿತು. ಒಂದು ಗೇಣು ಹೊರಗೇ ಉಳಿಯಿತು, ಜೀಪು ನಾಲಗೆ ಚಾಚಿದ ಹಾಗೆ. ಗಂಡ ನೆಲದ ಮೇಲೆ ಮಲಗಿ ಕೆಳಗೆ ನೋಡಿದ. ಗೇರಿನ ಗುಂಡು ನಟ್ಟನಡುವೆ ಇರಲೇ ಇಲ್ಲ. ಅದು ಮೊದಲಿನಿಂದಲೂ ಬಲಕ್ಕೆ ಸರಿದುಕೊಂಡೇ ಇತ್ತು. ಎಡಕ್ಕೆ ಉದ್ದ, ಬಲಕ್ಕೆ ಗಿಡ್ಡ. ಐಸಾಚ್ ರೆಹತಾ.

ನಗು ಮೊದಲು ಯಾರಿಗೆ ಬಂತೋ ಗೊತ್ತಿಲ್ಲ. ಜೀಪಿನ ಕೆಳಗಿನಿಂದ ಅವನ ಹೊಟ್ಟೆ ಕುಣಿಯುವುದು ಕಾಣುತ್ತಿತ್ತು. ಆಂಟಿ ಮಾತ್ರ ಸೋಲಲಿಲ್ಲ. ಚಾಚಿಕೊಂಡ ಸರಳನ್ನು ನೋಡಿ, "ನಮ್ ಆಕ್ಸಲ್ ಸರಿಯಾಗೇ ಇದೆ. ನಿಮ್ ಗಾಡೀನೇ ಸೊಟ್ಟ," ಎಂದರು.

ಅಂಗಡಿ ಮುಚ್ಚಿತ್ತು, ಭಾಯ್ ಮದುವೆಗೆ ಹೋಗಿಯಾಗಿತ್ತು. ಬಲಕ್ಕೆ ನಮ್ಮದೇ ಹಳೆಯ ಗಿಡ್ಡ ಆಕ್ಸಲನ್ನು ತಿರುಗಿ ತುರುಕಿದೆವು. ಮರುದಿನ ಬೆಳಿಗ್ಗೆ ಆಂಟಿ ಛತ್ರಿ ಹಿಡಿದು ಹಿಂದಿನ ಸೀಟಿನಲ್ಲಿ ಕೂತಿದ್ದರು, ಕಾಲಬುಡದಲ್ಲಿ ಹೆಚ್ಚುವರಿ ಉದ್ದ ಆಕ್ಸಲ್. "ನಾನ್ ಸೆಲೆಕ್ಟ್ ಮಾಡಿದ್ದು, ನಾನ್ ನೋಡ್ಬಾರ್ದಾ?"

ಕೆಂಪು ಏರಿಗೆ ಮೂಗು ಹಚ್ಚಿದೆ. ನಾಲ್ಕೂ ಚಕ್ರ ಕಚ್ಚಿದವು. ಜೀಪು ಹತ್ತಿತು, ಆಂಟಿ "ಬಿಡು! ಬಿಡು! ಕಾಲ್ ತೆಗೀಬೇಡ!" ಎಂದು ಛತ್ರಿಯಿಂದ ನನ್ನ ಸೀಟಿಗೆ ಬಡಿದರು, ಎಡಗಡೆ ಗರ್ ಎಂದಿತು, ತಡೆದುಕೊಂಡಿತು, ಮತ್ತೆ ಗರ್ ಎಂದಿತು, ಮತ್ತೆ ತಡೆದುಕೊಂಡಿತು. ಮುಂದಿನ ಚಕ್ರಗಳು ಏರಿನ ತುಟಿ ದಾಟಿದವು. ಆಗ ಠಕ್.

ಇಲ್ಲಿ ನನ್ನ ಕೈ ತುರಿಸುತ್ತದೆ. ಮುರಿದದ್ದು ಎಡಗಡೆಯದು, ಆಂಟಿಯ ತಪ್ಪಿನಿಂದ ಬಂದ ಆ ಹೆಚ್ಚುವರಿ ಆಕ್ಸಲ್ ನಮ್ಮನ್ನು ಕಾಪಾಡಿತು ಎಂದು ಬರೆದರೆ ಎಷ್ಟು ಚೆನ್ನ! ನೆನಪಿಗೆ ವೆಲ್ಡಿಂಗ್ ಹುಚ್ಚು, ಎಲ್ಲಿ ಬಿರುಕು ಕಂಡರೂ ಬೆಸೆದುಬಿಡುತ್ತದೆ. ಆದರೆ ಮುರಿದದ್ದು ಬಲಗಡೆಯದು. ಎಡಗಡೆಯದನ್ನು ಗಟ್ಟಿ ಮಾಡಿದ್ದೇ ತಡ, ಅಷ್ಟು ವರ್ಷ ತೆಪ್ಪಗಿದ್ದ ಮುದಿ ಗಿಡ್ಡನ ಸರದಿ ಬಂದಿತ್ತು. ಕಾಲಬುಡದ ಉದ್ದ ಆಕ್ಸಲ್ ಅಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

ಹಿಂದಿನ ಚಕ್ರಗಳಲ್ಲಿ ಬಲ ಹೋಯಿತು. ಮುಂದಿನವು ಮಾತ್ರ ಎಳೆಯುತ್ತಿದ್ದವು. ಎಳೆದವು. ತೆವಳಿಕೊಂಡು, ಮಣ್ಣು ಕೆರೆದುಕೊಂಡು, ಮೇಲಕ್ಕೆ ಬಂದುಬಿಟ್ಟೆವು. ನಾನು ಕಿರುಚಿದೆ, ಗಂಡ ಕುಣಿದ, ಆಂಟಿ ಛತ್ರಿ ಬಿಚ್ಚಿ ಮಡಿಸಿ ಮತ್ತೆ ಬಿಚ್ಚಿದರು.

ಆಮೇಲೆ ಮನೆಗೆ ಹೋಗುವ ವಿಷಯ ನೆನಪಾಯಿತು. ಇನ್ನೊಂದು ಜೀಪಿನವನು ಹಗ್ಗ ಹಿಡಿದು ಬಂದ. "ಕಟ್ಬಿಡ್ಲಾ ಮಗಾ?"

ನಮ್ಮಿಬ್ಬರ ಮುಖವೂ ಸಪ್ಪಗಾಯಿತು. ಮಾತಾಡಿದ್ದು ಆಂಟಿ. "ಹಗ್ಗ ಮುಟ್ಟಿದ್ರೆ ನೋಡು! ನಾನ್ ಆರಿಸಿದ ಆಕ್ಸಲ್ ಹಾಕ್ಕೊಂಡು ಹಗ್ಗದಲ್ಲಿ ಬಂದ್ರೆ ಗಲ್ಲಿಲಿ ನನ್ ಮರ್ಯಾದೆ ಏನಾಗ್ಬೇಕು? ಮುಂದಿನ ಕಾಲಲ್ಲೇ ನಡೆಸ್ಕೊಂಡು ಹೋಗಮ್ಮಾ."

ಇಷ್ಟು ದಿನ ಅದು ನಮಗೆ ಹೊಳೆದೇ ಇರಲಿಲ್ಲ. ಮುರಿದ ತುಂಡನ್ನು ಎಳೆದುಹಾಕಿ, ಮುಂದಿನ ಕಾಲಲ್ಲೇ ನಡೆಸಿಕೊಂಡು ಬಂದೆವು. ಕೆ.ಆರ್. ಪುರದ ತೂಗುಸೇತುವೆಯನ್ನು ಏದುಸಿರು ಬಿಡುತ್ತ ಹತ್ತಿದ್ದು ನನಗೆ ಕಣ್ಣಿಗೆ ಕಟ್ಟಿದೆ. ಆಗ ಸೇತುವೆಯೇ ಇರಲಿಲ್ಲ, ರೈಲ್ವೆ ಗೇಟಿನಲ್ಲಿ ನಿಂತು ಕಳ್ಳೇಕಾಯಿ ತಿಂದೆವು ಎನ್ನುತ್ತಾನೆ ಗಂಡ. ಇಬ್ಬರಲ್ಲಿ ಒಬ್ಬರು ಸುಳ್ಳು, ಅಥವಾ ಇಬ್ಬರೂ.

ಗಲ್ಲಿಯ ಬಾಯಲ್ಲಿ ನೀರಿನ ಟ್ಯಾಂಕರ್ ನಿಂತಿತ್ತು. ಆಂಟಿ ಇಳಿದು, ಛತ್ರಿಯನ್ನು ಲಾಠಿಯಂತೆ ಹಿಡಿದು ಅದನ್ನು ಹಿಂದಕ್ಕೆ ಕಳಿಸಿದರು. ಅಕ್ಕಪಕ್ಕದವರು ಬಾಗಿಲಿಗೆ ಬಂದಿದ್ದರು. ಅವರೆಲ್ಲರಿಗೂ ಕೇಳುವಂತೆ, "ನೋಡಿ, ಹಗ್ಗ ಇದೆಯಾ? ಇಲ್ವಲ್ಲಾ!" ಎಂದರು.

ಜೀಪು ಗಲ್ಲಿಯಲ್ಲೇ ಉಳಿಯಿತು. ಆ ಹೆಚ್ಚುವರಿ ಆಕ್ಸಲನ್ನು ಮಾತ್ರ ಆಂಟಿ ನಮಗೆ ವಾಪಸ್ ಕೊಡಲಿಲ್ಲ. ಅವರ ಮುಂಬಾಗಿಲಿನ ಹಿಂದೆ, ಅಗುಳಿಯ ಹಾಗೆ, ಅಡ್ಡಪಟ್ಟಿಯಾಗಿ ಬಹಳ ವರ್ಷ ಇತ್ತು. ಅಳತೆ ಸರಿಯಾಗಿ ಕೂತಿತ್ತು.