ಇಬ್ಬರಿಗಾಗಿ ಉಸಿರಾಡಿದವಳು

ಬಸುರಿಯ ಬಯಕೆಗೆ ಊರು, ಭಾಷೆಗಳ ಹಂಗಿಲ್ಲ ನೋಡಿ. ಸಾತಾರಾ ಕಡೆಯ ಮರಾಠಿ ಮನೆತನದಿಂದ ಬಂದ ನನ್ನ ಸೊಸೆ ಮೃಣಾಲ್‌ಗೆ ಏಳನೆಯ ತಿಂಗಳಲ್ಲಿ ನಮ್ಮ ಧಾರವಾಡದ ಗುರೆಳ್ಳು ಚಟ್ನಿಯ ಹುಚ್ಚು ಹಿಡಿಯಿತು. ಮುಂಬೈ ದಹಿಸರ್‌ನ ನಮ್ಮ ಇಕ್ಕಟ್ಟಾದ ಅಡುಗೆಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದರೆ, ಅವಳು ಕಟ್ಟೆಗೊರಗಿ ನಿಂತು, ಮೊಸರು ಕಲಸಿದ ಚಟ್ನಿಯನ್ನು ಬಿಸಿ ರೊಟ್ಟಿಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ತಿನ್ನುತ್ತಿದ್ದಳು. ಅಂಥವಳು ಒಂದು ಬೆಳಿಗ್ಗೆ ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿದಳು.

ಮುಟ್ಟಿ ನೋಡಿದೆ; ಹಣೆ ಸುಡುತ್ತಿತ್ತು. ಮಲಾಡ್‌ನ ಆಫೀಸಿಗೆ ಅವಳು ದಿನವೂ ಹೋಗಿಬರುತ್ತಿದ್ದ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಆ ವಾರ ಕೆಮ್ಮದವರೇ ಇರಲಿಲ್ಲವಂತೆ.

"ಜ್ವರ ಬಂದಾವಲ್ಲವ್ವಾ! ಡಾಕ್ಟರ್‌ಗೆ ಫೋನ್ ಮಾಡಿ ಕೇಳೂಣು, ಒಂದು ಗುಳಿಗಿ ತಗೋ" ಎಂದೆ.

"ಬ್ಯಾಡ ಆಯಿ. ಗುಳಿಗಿ ಬಾಳಾಗೆ ಚಲೋ ಅಲ್ಲ. ನಾನು ಸೋಸ್ತೀನಿ" ಎಂದಳು.

ಅವಳ ಕನ್ನಡವೇ ಹಾಗೆ. ಶಬ್ದ ಸಿಗದ ಕಡೆ ಮರಾಠಿಯದೊಂದನ್ನು ತಂದು, ನಮ್ಮ ಬಾಲ ಅಂಟಿಸಿಬಿಡುತ್ತಾಳೆ. ಆಯಿ ಎಂದರೆ ಅವರಲ್ಲಿ ಅವ್ವ, ಬಾಳ ಎಂದರೆ ಕೂಸು. ಇನ್ನು ಸೋಸುವುದು ನಮ್ಮಲ್ಲಿ ಚಹಾವನ್ನು. ಅವರಲ್ಲಿ ಸೋಸುವುದು ಸಂಕಟವನ್ನು, ಅಂದರೆ ತುಟಿ ಕಚ್ಚಿ ಸಹಿಸುವುದು. ಬೇರೆ ದಿನವಾಗಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದೆವು. ಅಂದು ನಗು ಬರಲಿಲ್ಲ. ಒಳಗಿರುವ ಜೀವಕ್ಕೆ ಔಷಧಿಯ ಸೋಂಕೂ ತಾಗಬಾರದೆಂದು ಜ್ವರದ ಸೋಂಕನ್ನು ತಾನೊಬ್ಬಳೇ ಹೊತ್ತುಕೊಳ್ಳಲು ಹೊರಟಿದ್ದಳು. ನಾನೂ ಕೇಳಿದೆ, ನನ್ನ ಮಗ ಪ್ರಸಾದನೂ ಕೇಳಿಕೊಂಡ. ಅವಳು ಬಿಸಿನೀರು ಕುಡಿದು ಗೋಡೆಯ ಕಡೆ ಹೊರಳಿದಳು.

ಮರುದಿನ ಮಧ್ಯಾಹ್ನ ಪ್ರಸಾದ ದಾದರ್‌ನ ಆಫೀಸಿನಲ್ಲಿದ್ದ. ಮೃಣಾಲ್ ಎರಡು ದಿಂಬಿಗೊರಗಿ ಕೂತಿದ್ದಳು. ಹೇಗಿದೆಯೆಂದು ಕೇಳಿದರೆ ಒಂದು ಪದ ಹೇಳಿ ನಿಂತಳು, ಇನ್ನೊಂದು ಹೇಳಿ ನಿಂತಳು. ನನಗೇನೂ ಅನ್ನಿಸಲಿಲ್ಲ, ಕನ್ನಡದ ಶಬ್ದ ಹುಡುಕುವಾಗ ಅವಳು ಯಾವಾಗಲೂ ಹಾಗೆಯೇ ತಡೆದು ತಡೆದು ಮಾತಾಡುವವಳು. ಅಷ್ಟರಲ್ಲಿ ಅವಳ ಅಣ್ಣನ ಫೋನ್ ಬಂತು. ಮರಾಠಿಯಲ್ಲಿ ಅವಳು ಅರಳು ಹುರಿದಂತೆ ಮಾತಾಡುವುದನ್ನು ನಾನು ಎಷ್ಟು ಸಲ ಕೇಳಿಲ್ಲ! ಈಗ ಅಲ್ಲಿಯೂ ಅದೇ: ಒಂದು ಪದ, ಒಂದು ನಿಲುಗಡೆ. ಅವಳು ಹುಡುಕುತ್ತಿದ್ದುದು ಶಬ್ದವನ್ನಲ್ಲ, ಉಸಿರನ್ನು.

"ಏಳವ್ವಾ, ಇನ್ನ ನಿನ್ನ ಮಾತು ಕೇಳೂದಿಲ್ಲ ನಾ" ಎಂದು ಚಪ್ಪಲಿಯನ್ನು ಅವಳ ಕಾಲ ಹತ್ತಿರ ಇಟ್ಟೆ. ರಿಕ್ಷಾದಲ್ಲಿ ಅವಳ ತಲೆ ನನ್ನ ಹೆಗಲ ಮೇಲಿತ್ತು. ಪ್ರತಿ ತಗ್ಗಿಗೂ ನಾನು ಅವಳ ಹೊಟ್ಟೆಯ ಮೇಲೆ ಅಂಗೈ ಒತ್ತಿಕೊಳ್ಳುತ್ತಿದ್ದೆ, ಹಾಗೆ ಹಿಡಿದರೆ ಏನೋ ಉಳಿದೀತೆಂಬಂತೆ.

ಆಸ್ಪತ್ರೆಯಲ್ಲಿ ಮೊದಲು ಆಕ್ಸಿಜನ್ ಹಚ್ಚಿದರು. ಮೂಗಿನ ದ್ರವ ಪರೀಕ್ಷಿಸಿ ಫ್ಲೂ ಎಂದರು. ಅದು ಶ್ವಾಸಕೋಶಕ್ಕೆ ಇಳಿಯತೊಡಗಿತ್ತು. ವಯಸ್ಸಾದ ಲೇಡಿ ಡಾಕ್ಟರ್ ನನಗೂ ತಿಳಿಯುವ ಹಾಗೆ ಮರಾಠಿಯಲ್ಲಿ ಹೇಳಿದರು: ಕೂಸು ಬೆಳೆದಂತೆ ಗರ್ಭ ಮೇಲೊತ್ತಿ ತಾಯಿಯ ಉಸಿರಿಗೆ ಜಾಗ ಕಡಿಮೆಯಾಗುತ್ತದೆ, ರೋಗದೊಡನೆ ಅವಳ ದೇಹ ಹೋರಾಡುವ ರೀತಿಯೂ ಬದಲಾಗಿರುತ್ತದೆ, ಆದ್ದರಿಂದ ಬೇರೆಯವರಲ್ಲಿ ಬಂದು ಹೋಗುವ ಜ್ವರ ಬಸುರಿಯಲ್ಲಿ ಬೇರೂರಬಹುದು, ಹೆರಿಗೆಯನ್ನು ದಿನ ತುಂಬುವ ಮೊದಲೇ ತರಬಹುದು.

ಮೃಣಾಲ್ ಮಾಸ್ಕ್ ಸರಿಸಿ, "ಔಷಧದಿಂದ ಕೂಸಿಗೆ…" ಎಂದು ಮರಾಠಿಯಲ್ಲೇ ತೊದಲಿದಳು.

ಡಾಕ್ಟರ್ ಮಾಸ್ಕನ್ನು ಮತ್ತೆ ಸರಿಯಾಗಿ ಕೂರಿಸಿದರು. "ಬಸುರಿಯರಿಗೂ ಕೊಡುವ ಔಷಧವೇ ಇದು, ಬೇಗ ಕೊಟ್ಟಷ್ಟೂ ಒಳ್ಳೆಯದು. ನಿನ್ನ ಉಸಿರೇ ಅದರ ಉಸಿರು, ಮಗಳೇ. ಸೋಸೂ ನಕೋಸ್" ಎಂದರು. ಸಹಿಸಬೇಡ! ತಾಯಾಗುವವಳಿಗೆ ಹೀಗೆ ಹೇಳಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ತಾಯ್ತನವನ್ನು ಸಹನೆಯ ತಕ್ಕಡಿಯಲ್ಲಿಟ್ಟು ತೂಗುತ್ತ ಬಂದ ನಾವು, ಹಾಗೆ ಸಹಿಸುವಾಗ ಒಳಗಿನ ಪುಟ್ಟ ಜೀವವೂ ಜೊತೆಗೆ ಸಹಿಸುತ್ತಿರುತ್ತದೆ ಎಂಬುದನ್ನು ಹೇಗೆ ಮರೆತೆವೋ!

ಮೃಣಾಲ್ ತಲೆಯಾಡಿಸಿ ಗುಳಿಗೆ ನುಂಗಿದಳು. ಆಮೇಲೆ ನರ್ಸ್ ಹೊಟ್ಟೆಯ ಮೇಲೆ ಯಂತ್ರವಿಟ್ಟರು. ಒಂದಿಷ್ಟು ಗರಗರ, ಮತ್ತೆ ಮೌನ, ಆಮೇಲೆ ಅವಸರದಲ್ಲಿ ಬಡಿದುಕೊಳ್ಳುವ ಆ ಪುಟ್ಟ ಎದೆ. ಆಗಷ್ಟೇ ಓಡುತ್ತ ಬಂದಿದ್ದ ಪ್ರಸಾದ ಬಾಗಿಲಲ್ಲೇ ನಿಂತು, ಮುಖಕ್ಕೆ ಕರ್ಚೀಫು ಒತ್ತಿಕೊಂಡ.

ಕೆಲವು ದಿನ ಕಷ್ಟದವೇ ಆದವು. ಆಮೇಲೆ ಉಸಿರು ಹದಕ್ಕೆ ಬಂತು. ಮನೆಗೆ ಬಂದ ಮೇಲೆ ಡಾಕ್ಟರ್ ಹೇಳಿದ ಹೊತ್ತಿಗೆ ಹೋಗಿ ಫ್ಲೂ ಲಸಿಕೆಯನ್ನೂ ಹಾಕಿಸಿಕೊಂಡಳು. ಅದರ ಕಾವಲು ಹುಟ್ಟುವ ಕೂಸಿಗೂ ಕೆಲವು ತಿಂಗಳು ಸಿಗುತ್ತದಂತೆ. ದಿನ ತುಂಬಿಯೇ ಮೊಮ್ಮಗಳು ಹುಟ್ಟಿದಳು.

ಕಳೆದ ವಾರ ನನಗೆ ಬೆಳಿಗ್ಗೆ ಎರಡು ಸೀನು ಬಂದವು. ಯಾರೂ ಹೇಳದೆಯೇ ಮಾಸ್ಕ್ ಹಾಕಿಕೊಂಡು ಹೊರಗಿನ ಕೋಣೆಯಲ್ಲಿ ಕೂತೆ. ಒಳಗೆ ಕೂಸು ಅತ್ತರೆ ಎದ್ದು ನಿಲ್ಲುವೆ, ಮತ್ತೆ ಕೂಡುವೆ. ಅಪ್ಪಿಕೊಳ್ಳದಿರುವುದಕ್ಕೂ ಇಷ್ಟು ಪ್ರೀತಿ ಬೇಕೆಂದು ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಮೃಣಾಲ್ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ದೂರದಿಂದಲೇ ಅದರ ಮುಖವನ್ನು ನನ್ನ ಕಡೆ ತಿರುಗಿಸಿ, ಒಂದೇ ಉಸಿರಿಗೆ, ಎಲ್ಲೂ ತಡೆಯದೆ ಹೇಳಿದಳು:

"ನೋಡ್ರಿ ಆಯಿ, ನಿಮ್ಮನ್ನ ಹುಡುಕಾಕತ್ತಿದ್ಲು, ಅದಕ್ಕ ಕರಕೊಂಡು ಬಂದೆ."